ಬೆನ್ನ ಮೇಲೆ ಅಡುಗೆಮನೆ

ಅಪ್ಪನ ಮ್ಯಾಟಡೋರ್‌ಗೆ ಎಷ್ಟು ತೂಕ ಹೇರಬಹುದು ಎಂದು ಯಾರೂ ಕೇಳುತ್ತಿರಲಿಲ್ಲ. ಒಳಗೆ ಎಷ್ಟು ಹಿಡಿಸುತ್ತದೆ ಎನ್ನುವುದೊಂದೇ ಲೆಕ್ಕ. 1980ರ ದಶಕದ ಕೊನೆಯಲ್ಲಿ ಬೆಂಗಳೂರು ಬಳಿಯ ಮಹದೇವಪುರ, ದೊಡ್ಡನೆಕ್ಕುಂದಿ ಕಡೆಯ ಸಣ್ಣ ಕಾರ್ಖಾನೆಗಳಿಗೆ ಮಧ್ಯಾಹ್ನದ ಊಟ ಒಯ್ಯುವುದು ನಮ್ಮ ಮನೆಯ ಕಸುಬಾಗಿತ್ತು. ಹೂಡಿಯ ಮನೆಯ ಹಿತ್ತಲಲ್ಲಿ ಸೌದೆ ಒಲೆ. ಹನ್ನೊಂದು ಗಂಟೆ ದಾಟುವಷ್ಟರಲ್ಲಿ ಅನ್ನದ ಕೊಳಗ, ಸಾರಿನ ಕೊಳಗ, ಮುದ್ದೆ ಬುಟ್ಟಿ, ಮಜ್ಜಿಗೆ ಕ್ಯಾನು ಎಲ್ಲ ಹಿಂಬಾಗಿಲಿನಿಂದ ಒಳಗೆ ಹೋಗುತ್ತಿದ್ದವು. ಉಳಿದ ಜಾಗದಲ್ಲಿ ಬಡಿಸುವ ಹುಡುಗರು.

ಮ್ಯಾಟಡೋರ್ ಒಳ್ಳೆಯ ಗಾಡಿ. ಜರ್ಮನಿಯ ಟೆಂಪೋ ಕಂಪನಿಯ ವಿನ್ಯಾಸವನ್ನು ಪುಣೆಯ ಬಜಾಜ್ ಟೆಂಪೋದವರು ಇಲ್ಲಿ ತಯಾರಿಸುತ್ತಿದ್ದರು. ಎಂಜಿನ್ ಮುಂದೆ, ಗಾಡಿಯನ್ನು ಎಳೆಯುವುದೂ ಮುಂದಿನ ಚಕ್ರಗಳೇ. ಹಿಂದಕ್ಕೆ ಶಾಫ್ಟ್ ಹಾಯಿಸುವ ಗೋಜಿಲ್ಲದ್ದರಿಂದ ನೆಲ ತಗ್ಗಾಗಿತ್ತು. ಬಿಸಿ ಕೊಳಗವನ್ನು ಇಬ್ಬರು ಹಿಡಿದು ಮೊಣಕಾಲಿನ ಎತ್ತರಕ್ಕೆ ಎತ್ತಿದರೆ ಸಾಕು, ಒಳಗೆ ಜಾರಿಸಬಹುದಿತ್ತು. ಆದರೆ ಹಿಂದೆ ಹೆಚ್ಚು ಹೇರಿದರೆ ಎಳೆಯುವ ಮುಂದಿನ ಚಕ್ರವೇ ಹಗುರಾಗುತ್ತಿತ್ತು. ಮಳೆಗಾಲದಲ್ಲಿ ಮಣ್ಣಿನ ಏರು ಹತ್ತುವಾಗ ಚಕ್ರ ತಿರುಗುತ್ತಲೇ ಇರುತ್ತಿತ್ತು, ಗಾಡಿ ನಿಂತಲ್ಲೇ. ಸ್ಟೇರಿಂಗ್ ಕೂಡ ಕೈಗೆ ಸಿಕ್ಕಂತೆ ಆಗುತ್ತಿರಲಿಲ್ಲ. ಆಗ ಹುಡುಗರು ಇಳಿದು ತಳ್ಳುತ್ತಿದ್ದರು, ಇಲ್ಲವೇ ಇಬ್ಬರು ಮುಂದಕ್ಕೆ ಬಂದು ಡ್ರೈವರ್ ಪಕ್ಕದಲ್ಲಿ ಎಂಜಿನ್ ಮುಚ್ಚಳದ ಮೇಲೆ ಕೂರುತ್ತಿದ್ದರು. ಅದನ್ನು ಉಪಾಯ ಎನ್ನುತ್ತಿದ್ದರೇ ಹೊರತು, ಗಾಡಿ ಏನೋ ಹೇಳುತ್ತಿದೆ ಎಂದು ಯಾರೂ ತಿಳಿಯಲಿಲ್ಲ.

ಒಂದು ಮಳೆಗಾಲ, ಕಾರ್ಖಾನೆಯ ಗೇಟಿನ ಹತ್ತಿರದ ತಿರುವಿನಲ್ಲಿ ಹಿಂಭಾಗ ವಾಲಿತು. ಸಾರಿನ ಕೊಳಗದ ಮುಚ್ಚಳ ಕಳಚಿತು. ಪಕ್ಕದಲ್ಲಿ ಕುಂತಿದ್ದ ಹುಡುಗನ ಎರಡೂ ಕಾಲು ಮೊಣಕಾಲಿನಿಂದ ಕೆಳಗೆ ಬೆಂದವು. ಅವನಿಗೆ ಹದಿನಾರೋ ಹದಿನೇಳೋ ವಯಸ್ಸು. ಮತ್ತೆ ಕೆಲಸಕ್ಕೆ ಬರುವಷ್ಟರಲ್ಲಿ ತಿಂಗಳುಗಳೇ ಕಳೆದವು. ಅಪ್ಪ ಅಷ್ಟೂ ಕಾಲ ಸಂಬಳ ಕೊಟ್ಟರು, ಆಸ್ಪತ್ರೆ ಖರ್ಚು ನೋಡಿಕೊಂಡರು. ಊರವರೆಲ್ಲ ಗ್ರಹಚಾರ ಎಂದರು. ಗ್ರಹಚಾರ ಅಲ್ಲ. ಹಿಂದಿನ ಸ್ಪ್ರಿಂಗುಗಳು ತಿಂಗಳುಗಳಿಂದ ಕುಸಿದು ಕೂತಿದ್ದವು. ಅವುಗಳ ಮೇಲೆ ದಿನವೂ ಬೀಳುತ್ತಿದ್ದ ಭಾರವನ್ನು ಯಾರೂ ಒಮ್ಮೆಯೂ ತೂಗಿರಲಿಲ್ಲ.

ಆ ಕಾಲದ ಇನ್ನೊಂದು ನಂಬಿಕೆ ಡೀಸೆಲ್. ಸಾಮಾನು ಹೊರುವ ಗಾಡಿಗೆ ಪೆಟ್ರೋಲ್ ಎಂಜಿನ್ ಎಂದರೆ ನಗುತ್ತಿದ್ದರು. ಅದಕ್ಕೆ ಕಾರಣವೂ ಇತ್ತು. ಡೀಸೆಲ್ ಬೆಲೆ ಪೆಟ್ರೋಲಿನ ಅರ್ಧದ ಆಸುಪಾಸಿನಲ್ಲಿತ್ತು, ಮೈಲೇಜೂ ಹೆಚ್ಚು. ಜೀಪು, ಅಂಬಾಸಡರ್‌ಗಳ ಪೆಟ್ರೋಲ್ ಎಂಜಿನ್ ಕಿತ್ತು ಡೀಸೆಲ್ ಎಂಜಿನ್ ಕೂರಿಸಿಕೊಡುವುದನ್ನೇ ಎಷ್ಟೋ ಗ್ಯಾರೇಜುಗಳು ಕಸುಬು ಮಾಡಿಕೊಂಡಿದ್ದವು. 1986ರಲ್ಲಿ ಟಾಟಾ 407 ಬಂತು. ಅದೇ ಹೊತ್ತಿಗೆ ಜಪಾನಿನ ಕಂಪನಿಗಳ ಜತೆ ಸೇರಿ ತಯಾರಾದ ಡಿಸಿಎಂ ಟೊಯೋಟಾ, ಸ್ವರಾಜ್ ಮಜ್ದಾ, ಐಷರ್ ಮಿತ್ಸುಬಿಷಿ, ಆಲ್ವಿನ್ ನಿಸ್ಸಾನ್‌ಗಳೂ ರಸ್ತೆಯಲ್ಲಿದ್ದವು. ಅಪ್ಪ 407ನ್ನು ತುಂಬ ದಿನ ನೋಡಿದರು, ವಿಚಾರಿಸಿದರು. ಅಷ್ಟು ಸಾಲ ಬೇಡವೆಂದು ಹಳೇ ಮ್ಯಾಟಡೋರ್‌ಗೇ ಗಟ್ಟಿ ಸ್ಪ್ರಿಂಗ್ ಹಾಕಿಸಿ ಓಡಿಸಿದರು. ಗಟ್ಟಿ ಸ್ಪ್ರಿಂಗ್ ಹಾಕಿಸಿದರೆ ಗಾಡಿಯ ಹಿಂಭಾಗ ಎತ್ತರವಾಗಿ ಕಾಣುತ್ತದೆ. ಬ್ರೇಕು, ಆಕ್ಸಲ್, ಟೈರು ಮಾತ್ರ ಇದ್ದ ಹಾಗೇ ಇರುತ್ತವೆ. ಇವತ್ತಿಗೂ ಸ್ಪ್ರಿಂಗ್ ಗಟ್ಟಿ ಮಾಡಿಸಿದರೆ ಲೋಡ್ ಹೆಚ್ಚುತ್ತದೆ ಎಂದು ನಂಬುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಗ್ಯಾಸಿನ ಎಂಜಿನ್ ಎಂದರೆ ನಮ್ಮ ಹಿರಿಯರಿಗೆ ಬೇರೆಯದೇ ನೆನಪು. ಎರಡನೇ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲ್ ಸಿಗದೆ ಮೈಸೂರು ಸಂಸ್ಥಾನದಲ್ಲೂ ಬಸ್ಸುಗಳ ಹಿಂದೆ ಇದ್ದಿಲ ಒಲೆ ಕಟ್ಟಿ, ಅದರ ಅನಿಲದಿಂದ ಎಂಜಿನ್ ಓಡಿಸುತ್ತಿದ್ದರು. ಏರು ಬಂದರೆ ಗಂಡಸರೆಲ್ಲ ಇಳಿದು ನಡೆಯಬೇಕಾಗಿತ್ತು ಎಂದು ತಾತ ಹೇಳುತ್ತಿದ್ದರು. ಎಂಜಿನ್ನಿನೊಳಗೆ ಗಾಳಿ ಇರಬೇಕಾದ ಜಾಗವನ್ನು ಅನಿಲ ಆಕ್ರಮಿಸಿಕೊಂಡರೆ ಶಕ್ತಿ ಕುಗ್ಗುತ್ತದೆ. ಇವತ್ತಿನ ಸಿಎನ್‌ಜಿ ಗಾಡಿಯಲ್ಲೂ ಆ ಗುಣ ಸ್ವಲ್ಪ ಉಳಿದಿದೆ.

ಈಗಿನ ಕತೆ ಅಕ್ಕನ ಮಗಳದು. ಹೂಡಿಯ ಪಿಜಿಗಳಿಗೆ ಊಟ ಕೊಡುತ್ತಿದ್ದವಳು, 2023ರ ಕೊನೆಯಲ್ಲಿ ಒಂದು ಪಿಕಪ್ ಕೊಂಡು ಅದರ ಮೇಲೆ ಅಡುಗೆಮನೆಯ ಡಬ್ಬ ಕಟ್ಟಿಸುತ್ತೇನೆ ಎಂದಳು. ಬೆಳಿಗ್ಗೆ ಶಿಫ್ಟ್ ಬದಲಾಗುವ ಹೊತ್ತಿಗೆ ಒಂದು ಕಡೆ, ಸಂಜೆ ಇನ್ನೊಂದು ಕಡೆ. ನಮ್ಮ ಸುತ್ತಲಿನ ಊರು ಅಷ್ಟು ಹೊತ್ತಿಗೆ ಗುರುತು ಸಿಗದಷ್ಟು ಬದಲಾಗಿತ್ತು. ಐಟಿಪಿಎಲ್ ಟೆಕ್ ಪಾರ್ಕ್ ಬಂದು ಎರಡು ದಶಕ ದಾಟಿತ್ತು. ಮಹದೇವಪುರ ನಗರಸಭೆ 2007ರಲ್ಲೇ ಬಿಬಿಎಂಪಿಯೊಳಗೆ ಕರಗಿತ್ತು. ಗ್ರಾಫೈಟ್ ಇಂಡಿಯಾ ಕಾರ್ಖಾನೆ 2019ರಲ್ಲಿ ಮುಚ್ಚಿದರೂ ಸಿಗ್ನಲ್ಲಿಗೆ ಅದರ ಹೆಸರೇ. 2023ರ ಅಕ್ಟೋಬರ್‌ನಲ್ಲಿ ಬೈಯಪ್ಪನಹಳ್ಳಿ–ಕೆ.ಆರ್. ಪುರದ ನಡುವಿನ ತುಂಡು ಕೂಡಿಕೊಂಡು ನೇರಳೆ ಮಾರ್ಗದ ಮೆಟ್ರೋ ವೈಟ್‌ಫೀಲ್ಡ್‌ವರೆಗೆ ನೇರವಾಗಿ ಓಡತೊಡಗಿತ್ತು. ಕಂಬಗಳ ಕೆಳಗಿನ ರಸ್ತೆ ಮಾತ್ರ ತೆವಳುತ್ತಲೇ ಇದೆ. ಹೂಡಿಯಿಂದ ಸಿಂಗಯ್ಯನಪಾಳ್ಯದ ಸಣ್ಣ ದೂರಕ್ಕೆ ಸಂಜೆ ಮುಕ್ಕಾಲು ಗಂಟೆ ಹಿಡಿದರೂ ಯಾರಿಗೂ ಆಶ್ಚರ್ಯವಿಲ್ಲ.

“ಮಾವ, ಎಲ್ಲರೂ ಡೀಸೆಲ್ಲೇ ತಗೋ ಅಂತಾರೆ. ಎರಡು ಟನ್ ಎಳೆಯೋದು ತಗೊಂಡ್ರೆ ಮುಂದಕ್ಕೂ ಆಗತ್ತಂತೆ,” ಎಂದಳು.

“ಮೊದಲು ಡಬ್ಬದ ತೂಕ ಬರಿ, ಆಮೇಲೆ ಎಂಜಿನ್ ಮಾತು,” ಎಂದೆ.

ಕೂತು ಬರೆದೆವು. ಅಲ್ಯೂಮಿನಿಯಂ ಡಬ್ಬ, ಕಿಟಕಿ, ಕಟ್ಟೆ ಸೇರಿ 300 ಕೆಜಿ. ನೂರು ಲೀಟರ್ ನೀರು ಎಂದರೆ 100 ಕೆಜಿ. ಬಳಸಿದ ನೀರು ಇನ್ನೊಂದು ಟ್ಯಾಂಕಿಗೆ ಇಳಿಯುತ್ತದೆ, ಅದನ್ನು ಮತ್ತೆ ಕೂಡಿಸಬೇಕಿಲ್ಲ. 19 ಕೆಜಿಯ ಕಮರ್ಷಿಯಲ್ ಸಿಲಿಂಡರ್ ಎರಡು. ಕಬ್ಬಿಣದ ತೂಕವೂ ಸೇರಿ ಸುಮಾರು 75. ದೋಸೆ ಕಾವಲಿ, ಒಲೆ 80. ಹಿಟ್ಟು, ಅನ್ನ, ಸಾಗು, ಪಾತ್ರೆ 120. ಮುಂದೆ ಇಬ್ಬರು 130. ಒಟ್ಟು 805. ಮೂರನೆಯವರಿಗೆ ಡಬ್ಬದೊಳಗೆ ಜಾಗ ಇಲ್ಲವೆಂದು ಅದೇ ಹಾಳೆಯಲ್ಲಿ ಬರೆಸಿದೆ. ದೋಸೆ ಹುಯ್ಯುವಾಕೆ ಇವತ್ತಿಗೂ ಗರುಡಾಚಾರ್‌ಪಾಳ್ಯಕ್ಕೆ ಮೆಟ್ರೋದಲ್ಲಿ ಬಂದು ಇಳಿಯುತ್ತಾಳೆ.

ಈ 805ನ್ನು ಮುಂದಿಟ್ಟುಕೊಂಡರೆ ಅರ್ಧ ಆಯ್ಕೆ ತಾನಾಗಿ ಮುಗಿಯುತ್ತದೆ. ಮಾರುತಿ ಸೂಪರ್ ಕ್ಯಾರಿಯ ಪೆಟ್ರೋಲ್ ಗಾಡಿ ಹೊರುವುದು 740 ಕೆಜಿ, ಅದೇ ಗಾಡಿಯ ಸಿಎನ್‌ಜಿ ಮಾದರಿ 625. ನಡುವಿನ ನೂರಕ್ಕೂ ಹೆಚ್ಚು ಕೆಜಿ ಹೋದದ್ದು ಮುಖ್ಯವಾಗಿ ಗ್ಯಾಸಿನ ಸಿಲಿಂಡರಿಗೆ, ಅದನ್ನು ಹಿಡಿದಿಡುವ ಚೌಕಟ್ಟಿಗೆ. 200 ಬಾರ್ ಒತ್ತಡ ತಡೆಯುವ ಉಕ್ಕಿನ ಸಿಲಿಂಡರ್ ಹಗುರಾಗಿರಲು ಸಾಧ್ಯವಿಲ್ಲ. ಸಿಎನ್‌ಜಿ ಅಗ್ಗ ಎಂದು ಹೇಳುವವರು ಈ ತೂಕವನ್ನು ಹೇಳುವುದಿಲ್ಲ. ದಿನಕ್ಕೆ ಇನ್ನೂರು ಕಿಲೋಮೀಟರ್ ಓಡುವ ಗಾಡಿಗೆ ಆ ಉಳಿತಾಯ ದೊಡ್ಡದು. ಹತ್ತಾರು ಕಿಲೋಮೀಟರ್ ಓಡಿ ದಿನವಿಡೀ ನಿಲ್ಲುವ ಅಡುಗೆಮನೆಗೆ ಅದು ಪುಡಿಗಾಸು.

ಇನ್ನು ಡೀಸೆಲ್. ಅಪ್ಪನ ಕಾಲದ ಡೀಸೆಲ್ ಎಂಜಿನ್ ಬೇರೆ, 2020ರ ಏಪ್ರಿಲ್‌ನಲ್ಲಿ ಬಿಎಸ್-6 ಬಂದ ಮೇಲಿನದು ಬೇರೆ. ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇದೆ. ಆ ಮಸಿ ಸುಟ್ಟುಹೋಗಬೇಕಾದರೆ ಎಂಜಿನ್ ಚೆನ್ನಾಗಿ ಕಾದು, ಒಂದಷ್ಟು ಹೊತ್ತು ಒಂದೇ ವೇಗದಲ್ಲಿ ಓಡಬೇಕು. ಹೊಸಕೋಟೆ ದಾಟಿ ಕೋಲಾರದ ಹೆದ್ದಾರಿ ಹಿಡಿಯುವ ಗಾಡಿಗೆ ಅದು ದಿನವೂ ಆಗುತ್ತದೆ. ಗ್ರಾಫೈಟ್ ಇಂಡಿಯಾ ಸಿಗ್ನಲ್ಲಿನಲ್ಲಿ ತೆವಳುವ ಗಾಡಿಗೆ ಆಗುವುದಿಲ್ಲ. ನಮ್ಮ ಬೀದಿಯ ತರಕಾರಿ ಗಾಡಿಯವರ ಡ್ಯಾಶ್‌ಬೋರ್ಡಿನಲ್ಲಿ ಫಿಲ್ಟರಿನ ದೀಪ ಉರಿಯುತ್ತಲೇ ಇರುತ್ತದೆ. ಅವರು ಭಾನುವಾರ ಬೆಳಿಗ್ಗೆ ಖಾಲಿ ಗಾಡಿಯನ್ನು ಹೆದ್ದಾರಿಗೆ ಒಯ್ದು ಓಡಿಸಿ ತರುತ್ತಾರೆ. 2014ರ ಅಕ್ಟೋಬರ್‌ನಲ್ಲಿ ಸರ್ಕಾರ ಡೀಸೆಲ್ ಬೆಲೆಯನ್ನು ಮಾರುಕಟ್ಟೆಗೆ ಬಿಟ್ಟ ಮೇಲೆ ಹಳೆಯ ಅರ್ಧಕ್ಕರ್ಧ ಅಂತರವೂ ಉಳಿದಿಲ್ಲ. ನಿಧಾನದ ರಸ್ತೆ, ಗೊತ್ತಿರುವ ತೂಕ, ಸಣ್ಣ ದೂರ: ಇಂಥ ಕೆಲಸಕ್ಕೆ ಪೆಟ್ರೋಲ್ ಎಂಜಿನ್ನೇ ಸರಿ ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ.

ನನ್ನ ಮಾತಿಗೆ ಅಮೆರಿಕದಲ್ಲಿರುವ ತಮ್ಮ ಬಲ ಕೊಟ್ಟ. ಅಲ್ಲಿ ಪಿಕಪ್ಪಿನ ಬೆನ್ನ ಮೇಲೆ ಹಾಸಿಗೆ, ಒಲೆ, ಶೌಚಾಲಯ ಎಲ್ಲ ಇರುವ ಪುಟ್ಟ ಮನೆಯನ್ನೇ ಕೂರಿಸಿಕೊಂಡು ಕಾಡು ಬೆಟ್ಟ ಸುತ್ತುತ್ತಾರೆ. ಆ ಮನೆ ಒಂದು ಟನ್ನಿನಿಂದ ಎರಡು ಟನ್‌ವರೆಗೂ ತೂಗುತ್ತದೆ. ಅವನು ಗಾಡಿ ಹುಡುಕುವಾಗ ಡೀಸೆಲ್ ಬಿಟ್ಟು ಫೋರ್ಡ್ ಸೂಪರ್ ಡ್ಯೂಟಿಯ 7.3 ಲೀಟರ್ ಪೆಟ್ರೋಲ್ ಎಂಜಿನ್ ಆರಿಸಿಕೊಂಡ. 2020ರ ಮಾದರಿಯಿಂದ ಬಂದ ಎಂಜಿನ್ ಅದು. ಡೀಸೆಲ್ ಎಂಜಿನ್ ತಾನೇ ಭಾರ, ಅಷ್ಟು ಭಾರ ಬೆನ್ನಿನ ಲೆಕ್ಕದಿಂದ ಕಳೆಯುತ್ತದೆ. ಹಿಂದೆ ದೊಡ್ಡ ಟ್ರೇಲರ್ ಎಳೆಯುವವರಿಗೆ ಡೀಸೆಲ್, ಬೆನ್ನ ಮೇಲೆ ಹೊರುವವರಿಗೆ ಪೆಟ್ರೋಲ್ ಎಂದ. ಅಲ್ಲಿ ಡ್ರೈವರ್ ಬಾಗಿಲ ಕಂಬದ ಮೇಲೆ ಒಂದು ಚೀಟಿ ಅಂಟಿಸಿರುತ್ತಾರೆ. ಜನ, ಸಾಮಾನು ಎಲ್ಲ ಸೇರಿ ಆ ಒಂದು ಗಾಡಿ ಎಷ್ಟು ಹೊರಬಹುದು ಎಂದು ಅದರಲ್ಲಿ ಬರೆದಿರುತ್ತದೆ. ನಮ್ಮಲ್ಲಿ ಖಾಲಿ ತೂಕ, ಭರ್ತಿ ತೂಕ ಎರಡೂ ಆರ್‌ಸಿಯಲ್ಲಿ ಇರುತ್ತವೆ, ಒಂದರಿಂದ ಇನ್ನೊಂದನ್ನು ಕಳೆಯುವವರು ಕಡಿಮೆ.

ಕೊನೆಗೆ ಅವಳು ಕೊಂಡದ್ದು ಟಾಟಾ ಇಂಟ್ರಾ ವಿ20. 2022ರಲ್ಲಿ ಬಂದ ಗಾಡಿ, ಪೆಟ್ರೋಲ್ ಸಿಎನ್‌ಜಿ ಎರಡರಲ್ಲೂ ಓಡುತ್ತದೆ, 1000 ಕೆಜಿ ಹೊರುತ್ತದೆ. ಸಿಲಿಂಡರುಗಳ ತೂಕ ಕಳೆದೇ ಆ ಸಾವಿರ ಎನ್ನುವುದು ನನಗೆ ಒಪ್ಪಿಗೆಯಾದ ಸಂಗತಿ. ಡಬ್ಬ ಕಟ್ಟಿಸುವ ಮೊದಲೇ ಆರ್‌ಟಿಒ ಕಚೇರಿಗೆ ಕಳಿಸಿದೆ. ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸುವಂತಿಲ್ಲ ಎನ್ನುತ್ತದೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನು ಎತ್ತಿಹಿಡಿದಿದೆ. ಕಟ್ಟಿಸಿದ ಮೇಲೆ ಹೋಗಿ ಕೈಮುಗಿಯುವುದಕ್ಕಿಂತ ಮೊದಲೇ ನಕ್ಷೆ ತೋರಿಸಿ ಒಪ್ಪಿಗೆ ಪಡೆಯುವುದು ಮೇಲು.

ಡಬ್ಬ ಕೂರಿಸಿದ ದಿನ ಹೊಸಕೋಟೆ ರಸ್ತೆಯ ವೇಬ್ರಿಜ್‌ಗೆ ಕರೆದುಕೊಂಡು ಹೋದೆ. ನೀರು, ಸಿಲಿಂಡರ್, ಪಾತ್ರೆ ಎಲ್ಲ ತುಂಬಿಸಿಯೇ. ಮೊದಲು ಮುಂದಿನ ಚಕ್ರ ಮಾತ್ರ ಹಲಗೆ ಮೇಲೆ, ಒಂದು ಚೀಟಿ. ಆಮೇಲೆ ಪೂರ್ತಿ ಗಾಡಿ, ಇನ್ನೊಂದು ಚೀಟಿ. ಎರಡನೆಯದರಿಂದ ಮೊದಲನೆಯದನ್ನು ಕಳೆದರೆ ಹಿಂದಿನ ಆಕ್ಸಲ್ ಮೇಲಿನ ಭಾರ. ಒಟ್ಟು ತೂಕ ಮಿತಿಯೊಳಗೇ ಇತ್ತು. ಆದರೆ ಮುಂದಿನ ಚಕ್ರಗಳ ಮೇಲೆ ಖಾಲಿ ಗಾಡಿಯಲ್ಲಿದ್ದುದಕ್ಕಿಂತಲೂ ಕಡಿಮೆ ಬಿತ್ತು. ತುಂಬಿಸಿದ ಮೇಲೆ ಮುಂದಿನ ತೂಕ ಇಳಿಯುತ್ತದೆ ಎಂದರೆ ಹೇರಿದ ಭಾರದ ನಡುಬಿಂದು ಹಿಂದಿನ ಆಕ್ಸಲನ್ನು ದಾಟಿ ಹಿಂದಕ್ಕೆ ಹೋಗಿದೆ ಎಂದರ್ಥ. ಹಳೇ ಮ್ಯಾಟಡೋರ್‌ನ ಕಾಯಿಲೆಯೇ. ಬಾಡಿ ಕಟ್ಟಿದವರು ನೀರಿನ ಟ್ಯಾಂಕನ್ನು ಹಿಂದೆ, ಪಾತ್ರೆ ತೊಳೆಯುವ ತೊಟ್ಟಿಯ ಕೆಳಗೆ ಇಟ್ಟಿದ್ದರು. ಪೈಪು ಚಿಕ್ಕದಾಗಲಿ ಎಂದು. ಗಾಡಿ ವಾಪಸ್ ಒಯ್ದು, ಟ್ಯಾಂಕನ್ನೂ ಸಿಲಿಂಡರ್ ಗೂಡನ್ನೂ ಕ್ಯಾಬಿನ್ ಬೆನ್ನಿಗೆ ಹತ್ತಿಸಿ, ಮತ್ತೆ ತೂಗಿಸಿದೆವು. ಈ ಸಲ ಮುಂದಿನ ತೂಕ ಏರಿತ್ತು.

ಎರಡನೇ ಸಲ ತೂಗಿಸಿದ ಚೀಟಿಗಳನ್ನು ಅವಳು ಆರ್‌ಸಿ ಜತೆಗೇ ಇಟ್ಟುಕೊಂಡಿದ್ದಾಳೆ. ಸಿಎನ್‌ಜಿ ಸಿಲಿಂಡರಿನ ಮೂರು ವರ್ಷಕ್ಕೊಮ್ಮೆಯ ಒತ್ತಡ ಪರೀಕ್ಷೆಯ ತಾರೀಖನ್ನೂ ಒಂದು ಚೀಟಿಯ ಹಿಂಬದಿಗೆ ಬರೆದಿದ್ದಾಳೆ. ಒಲೆ ಹಚ್ಚುವ ಮುನ್ನ ಎಂಜಿನ್ ಆರಿಸಿರಬೇಕು, ಗಾಡಿ ಹೊರಡುವ ಮುನ್ನ ಅಡುಗೆ ಗ್ಯಾಸ್ ಸಿಲಿಂಡರಿನ ವಾಲ್ವ್ ಮುಚ್ಚಿರಬೇಕು ಎನ್ನುವ ಎರಡು ಮಾತಿಗೆ ತಪ್ಪಿದವರು ಅವಳಲ್ಲಿ ಕೆಲಸದಲ್ಲಿ ಉಳಿಯುವುದಿಲ್ಲ.

ಈಗ ಎರಡನೇ ಗಾಡಿಯ ಮಾತು ನಡೆದಿದೆ. ವ್ಯಾಪಾರ ಬೆಳೆದಿದೆ, ಮತ್ತೆ ಎರಡು ಟನ್ನಿನ ಡೀಸೆಲ್ ಪಿಕಪ್ ನೋಡಿ ಬಂದಿದ್ದಾಳೆ. ಡಬ್ಬ ಅದೇ, ಬೀದಿ ಅದೇ ಆದರೆ ಗಾಡಿ ಯಾಕೆ ಬದಲಾಗಬೇಕು ಎನ್ನುವುದು ನನ್ನ ಪ್ರಶ್ನೆ. ಮಾಲೂರಿನ ಕಡೆ ಮದುವೆ ಮನೆಗಳಿಗೂ ಅಡುಗೆ ಒಪ್ಪಿಕೊಳ್ಳುತ್ತೇನೆ, ಹೆದ್ದಾರಿ ಓಡಾಟ ಇರುತ್ತದೆ ಎನ್ನುವುದು ಅವಳ ಉತ್ತರ. ಹಾಗಾದರೆ ಡೀಸೆಲ್‌ಗೂ ಕಾರಣ ಇದೆ. ಕೊಳಗಗಳ ತೂಕ ಬರೆದ ಹಾಳೆ ತರುತ್ತೇನೆ ಎಂದು ಹೋಗಿದ್ದಾಳೆ. ಹಾಳೆ ಬರುವವರೆಗೆ ಮುಂಗಡ ಕಟ್ಟಬೇಡ ಎಂದಿದ್ದೇನೆ.