ಇವತ್ತ ಹೊರಗ ಹೋಗಿದ್ದೇನು?

ರೋಮ್ ಊರಾಗ ನನ್ನ ಮಗಳಿಗೆ ಎರಡು ಸಣ್ಣ ಮಕ್ಕಳು. ಅಳಿಯಂದ್ರು ಮುಂಜಾನೆ ಹೋದ್ರ ರಾತ್ರಿನ ಬರೂದು. "ಇವನ್ನ ಕಟಗೊಂಡು ಎಲ್ಲಿ ಹೋಗ್ಲಿ ಅವ್ವಾ" ಅಂತ ಆಕಿ ಬಾಗಲಾ ಹಾಕ್ಕೊಂಡ ಕೂಡ್ತಿದ್ಲು. ಮಾತೂ ಕಡಿಮಿ ಆಗಿತ್ತು. ನಾ ಹೋದ ಮ್ಯಾಲೆ, ಏನರ ಆಗ್ಲಿ, ದಿನಾ ಒಂದು ತಾಸು ಹೊರಗ ಅಂತ ಇಬ್ಬರೂ ಗೊತ್ತು ಮಾಡ್ಕೊಂಡ್ವಿ.

ಅಲ್ಲಿ ಬಾಳ ಹೋಟೆಲ್‌ನ್ಯಾಗ ರಾತ್ರಿ ಊಟ ಏಳು, ಏಳೂವರಿಗೆ ಸುರು. ಅಷ್ಟೊತ್ತಿಗೆ ನಮ್ಮ ಹುಡುಗ್ರು ತೂಕಡಸ್ತಾವ. ಅದಕ್ಕ ಚಪಾತಿ, ಮೊಸರನ್ನದ ಬುತ್ತಿ ಕಟಗೊಂಡ ಹೋಗ್ತಿದ್ವಿ. ನೀರಿನ ಚಿಂತಿ ಇಲ್ಲ. ಓಣ್ಯಾಗೆಲ್ಲ ಕಬ್ಬಿಣದ ನಳ ಹಗಲೂ ರಾತ್ರಿ ಹರೀತಾವ, ಕುಡಿಯೂ ನೀರು. 'ನಸೋನೆ' ಅಂತಾರ, ಅಂದ್ರ ದೊಡ್ಡ ಮೂಗು! ಅದರ ಬಾಯಿ ಬೆರಳಿಂದ ಮುಚ್ಚಿದ್ರ ಮ್ಯಾಲಿನ ತೂತಿನಿಂದ ನೀರು ಚಿಮ್ಮತದ. ಮೊಮ್ಮಗ ಅಲ್ಲಿಂದ ಏಳಂಗೇ ಇಲ್ಲ.

ಹಳೇ ಊರಿನ ರಸ್ತೆಗೆ ಕರೀ ಕಲ್ಲು ಹಾಸ್ಯಾರ, ಕೂಸಿನ ಗಾಡಿ ಗಡಗಡ ಅಂತದ. ಆದ್ರ ಮೆಟ್ಟಲಾ ಬಂತಂದ್ರ ಕೇಳೂಕಿಂತ ಮೊದಲ ಯಾರರ ಬಂದು ಎತ್ತಿ ಕೊಡ್ತಿದ್ರು. ಸರಕಾರಿ ಮ್ಯೂಸಿಯಂದಾಗ 18 ವರ್ಷದೊಳಗಿನವ್ರಿಗೆ ರೊಕ್ಕಿಲ್ಲ. ರೇಲ್ವೆದಾಗ 4 ವರ್ಷದೊಳಗಿನ ಕೂಸನ್ನ ತೊಡಿ ಮ್ಯಾಲೆ ಕುಂಡ್ರಿಸ್ಕೊಂಡ್ರ ಟಿಕೀಟಿಲ್ಲ.

ನಾ ಊರಿಗೆ ಬಂದ ಮ್ಯಾಲೆ ಆಕಿ ಒಬ್ಬಾಕಿನ ಇಬ್ಬರನ್ನೂ ಕರಕೊಂಡು ಓಸ್ತಿಯಾ ಸಮುದ್ರಕ್ಕ ಹೋಗಿ ಬಂದ್ಲು. ಆವತ್ತ ಫೋನಿನ್ಯಾಗ ಆಕಿ ಮಾತು ಮುಗೀಲೇ ಇಲ್ಲ.

ಪರದೇಶದಾಗ ಮಗಳು ಇದ್ದವ್ರ, "ಊಟ ಆತೇನು" ಅಂತ ಕೇಳೂದರ ಜೋಡಿ "ಇವತ್ತ ಹೊರಗ ಹೋಗಿದ್ದೇನು" ಅಂತಾನೂ ಕೇಳ್ರಿ.