ಹಲಗೆಯನ್ನು ಒರಸತಕ್ಕ ಸಮಯ

ನಮ್ಮ ಶಾಲೆಯಲ್ಲಿ ಕಲಿತು ಈಗ ಗಣಕಯಂತ್ರದ ಉದ್ಯೋಗದಲ್ಲಿರುವ ಹೆಣ್ಣುಮಕ್ಕಳ ತಾಯಿತಂದೆಗಳು ನಮ್ಮನ್ನು ಕಂಡಾಗ, "ಟೀಚರಮ್ಮಾ, ನಮ್ಮ ಮಗಳು ಡ್ರೈವರ್ ಬರೆಯುತ್ತಾಳಂತೆ, ಅದೆಂಥ ಕೆಲಸ?" ಎಂದು ಕೇಳುವುದುಂಟು. ಬಸ್ಸಿನ ಡ್ರೈವರನ ಹೊರತು ಬೇರೆ ಡ್ರೈವರನ್ನು ಅರಿಯದವರಿಗೆ ಈ ಮಾತು ವಿಚಿತ್ರವಾಗಿ ತೋರುವುದು ಸಹಜವೇ. ಮೂರು ವಾರ ದುಡಿದರೂ ಪರದೆಯ ಮೇಲೆ ಹೊಸದೇನೂ ಕಾಣಿಸದೆಂದು ತಿಳಿದಾಗಲಂತೂ ಅವರ ಚಿಂತೆ ಇಮ್ಮಡಿಯಾಗುತ್ತದೆ. ಲಿನಕ್ಸಿನ ಗ್ರಾಫಿಕ್ಸ್ ಡ್ರೈವರುಗಳಲ್ಲಿ ಕೆಲಸಮಾಡುವ ಹಳೆಯ ವಿದ್ಯಾರ್ಥಿನಿಯೊಬ್ಬಳನ್ನು ಕುಳ್ಳಿರಿಸಿಕೊಂಡು ನಾವು ಎರಡು ಸಾಯಂಕಾಲ ಕೇಳಿ ತಿಳಿದುದನ್ನು ಇಲ್ಲಿ ಬರೆಯುತ್ತೇವೆ.

ಪರದೆಯ ಚಿತ್ರಗಳನ್ನು ರಚಿಸುವುದಕ್ಕೆ ಯಂತ್ರದೊಳಗೆ ಜಿಪಿಯು ಎಂಬ ಪ್ರತ್ಯೇಕ ಅಂಗವುಂಟು. ಮುಖ್ಯ ಅಂಗವಾದ ಸಿಪಿಯು ಅದಕ್ಕೆ ಕೆಲಸವನ್ನು ಒಪ್ಪಿಸಿ, ಮುಗಿಯುವ ತನಕ ಕಾಯದೆ, ತನ್ನ ಬೇರೆ ಕೆಲಸಕ್ಕೆ ಹೋಗುತ್ತದೆ. ಕಷ್ಟವೆಲ್ಲ ಹುಟ್ಟುವುದು ಇಲ್ಲಿಯೇ. ಉಪಾಧ್ಯಾಯಿನಿಯು ಕಪ್ಪು ಹಲಗೆಯ ಮೇಲೆ ಲೆಕ್ಕವನ್ನು ಬರೆದಿದ್ದಾಳೆ. ನಲವತ್ತು ಹುಡುಗಿಯರು ಇಳಿಸಿಕೊಳ್ಳುತ್ತಿದ್ದಾರೆ. ಎಲ್ಲರೂ ಮುಗಿಸುವ ಮೊದಲೇ ಒರಸಿ ಬೇರೊಂದನ್ನು ಬರೆದರೆ, ಹಿಂದಿನ ಬೆಂಚಿನವಳ ಪುಸ್ತಕದಲ್ಲಿ ಅರ್ಧ ಒಂದು ಲೆಕ್ಕ, ಅರ್ಧ ಇನ್ನೊಂದು. ಒರಸದೆಯೇ ಬಿಟ್ಟರೆ ಮುಂದಿನ ಪಾಠಕ್ಕೆ ಸ್ಥಳವಿಲ್ಲ. ಡ್ರೈವರಿನಲ್ಲಿ ಹಲಗೆಯ ಸ್ಥಾನದಲ್ಲಿರುವುದು ಬಫರ್ ಎಂಬ ಮೆಮೊರಿಯ ತುಂಡು. ಬೇಗ ಬಿಟ್ಟುಕೊಟ್ಟ ಬಫರು ಮತ್ತೊಂದು ಪ್ರೋಗ್ರಾಮಿನ ಪಾಲಾಗಿ, ಜಿಪಿಯು ಅದರ ಮೇಲೆ ಬರೆದುಬಿಡಬಹುದು, ಅಥವಾ ಅದರಲ್ಲಿರುವ ಪರರ ಗುಟ್ಟನ್ನು ಓದಿಬಿಡಬಹುದು. ಬಿಡದೆ ಉಳಿದವು ಕೂಡುತ್ತ ಕೂಡುತ್ತ ಯಂತ್ರವನ್ನೇ ನಿಲ್ಲಿಸುತ್ತವೆ.

ಆದುದರಿಂದ ಪ್ರತಿಯೊಂದು ಬಫರಿಗೂ ಹಿಡಿದಿರುವವರ ಎಣಿಕೆಯುಂಟು. 2008ರಲ್ಲಿ ಲಿನಕ್ಸ್ ಕರ್ನಲಿಗೆ ಸೇರಿದ ಜೆಮ್ ಎಂಬ ವ್ಯವಸ್ಥೆಯಲ್ಲಿ ಎಣಿಕೆ ಸೊನ್ನೆಯಾದ ಮೇಲೆಯೇ ಬಫರಿಗೆ ಬಿಡುಗಡೆ. ಪ್ರೋಗ್ರಾಮು ನಡುವೆಯೇ ಸತ್ತರೆ ಕರ್ನಲು ಅದರ ಹಿಡಿತಗಳನ್ನೆಲ್ಲ ಬಿಡಿಸುತ್ತದೆ. ಆದರೂ ಜಿಪಿಯುವಿನ ಕೆಲಸ ಮುಗಿಯದಿದ್ದರೆ ಆ ಕೆಲಸದ ಹೆಸರಿನಲ್ಲಿ ಒಂದು ಹಿಡಿತ ಉಳಿದಿರಲೇಬೇಕು. ಕೆಲಸ ಮುಗಿಯಿತೆಂದು ಕೈಯೆತ್ತುವ ಗುರುತಿಗೆ ಫೆನ್ಸ್ ಎಂದು ಹೆಸರು. ಬೇಲಿಯೆಂಬ ಅರ್ಥದ ಈ ಹೆಸರು ನಮಗೆ ಅಷ್ಟಾಗಿ ಒಪ್ಪಿಗೆಯಾಗಲಿಲ್ಲ, ವಾಗ್ದಾನವೆಂದು ಕರೆಯಬಹುದಾಗಿತ್ತು. ಒಮ್ಮೆ ಹೊರಗೆ ಕೊಟ್ಟ ಫೆನ್ಸು ಮಿತವಾದ ಕಾಲದೊಳಗೆ ತೀರಲೇಬೇಕೆಂಬುದು ಅದರ ನಿಯಮ. ಜಿಪಿಯು ಕೆಟ್ಟು ನಿಂತರೂ ಡ್ರೈವರು ಕೆಲಸ ಕೆಟ್ಟಿತೆಂಬ ಗುರುತನ್ನು ಹಚ್ಚಿಯಾದರೂ ಫೆನ್ಸನ್ನು ತೀರಿಸತಕ್ಕದ್ದು. ಕಾಯುವವರನ್ನು ಕಾಯಿಸಿಯೇ ಇಡಕೂಡದು.

ಇದರಲ್ಲಿ ಒಂದು ಸೂಕ್ಷ್ಮವುಂಟು. ಮೆಮೊರಿ ಸಾಲದಾದಾಗ ಕರ್ನಲು ಹಳೆಯ ಬಫರುಗಳನ್ನು ತೆರವುಮಾಡಲು ಹೋಗಿ ಅವುಗಳ ಫೆನ್ಸು ತೀರುವ ತನಕ ಕಾಯಬಹುದು. ಫೆನ್ಸನ್ನು ತೀರಿಸತಕ್ಕ ಡ್ರೈವರಿನ ಭಾಗವು ಅದೇ ಹೊತ್ತಿಗೆ ಹೊಸ ಮೆಮೊರಿಯನ್ನು ಬೇಡಿ ಕಾದುನಿಂತರೆ ಎರಡೂ ನಿಂತಂತೆಯೇ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆಯನ್ನು ನಾವು ಹೇಳಿದಾಗ ಆಕೆ ನಕ್ಕು, ಸರಿಯಾಗಿ ಅದೇ ಎಂದಳು. ಬೇಕಾದ ಮೆಮೊರಿಯನ್ನು ಕೆಲಸ ಒಪ್ಪಿಸುವ ಮೊದಲೇ ಪಡೆದಿರುವುದು ಇದಕ್ಕೆ ಪರಿಹಾರ. ಈ ಸಿಕ್ಕು ನಿತ್ಯ ಕಾಣಿಸದು. ಬರೆದವಳ ಮೇಜಿನ ಮೇಲೆ ಚೆನ್ನಾಗಿದ್ದ ಡ್ರೈವರು ಎಲ್ಲಿಯೋ ಮೆಮೊರಿ ತೀರಿದ ದಿನ ಬೇರೊಬ್ಬರ ಕೆಲಸವನ್ನು ಕೆಡಿಸುತ್ತದೆ.

ಮೂರು ವಾರ ಹಿಡಿಯುವುದು ಇದಕ್ಕಾಗಿಯೇ. ನಮ್ಮ ಹುಡುಗಿ ಕಳುಹಿಸಿದ್ದು ನಾಲ್ಕೇ ಸಾಲು. ಬರಹವೆಲ್ಲ ಬಹಿರಂಗವಾದುದರಿಂದ ಬೇರೆ ಬೇರೆ ಸಂಸ್ಥೆಗಳವರು ಅದನ್ನು ಓದಿ, ಇಲ್ಲಿ ಅರ್ಧಕ್ಕೆ ಕೆಟ್ಟರೆ ಏನು ಗತಿಯೆಂದು ಕೇಳಿದರು. ಅರ್ಧಕ್ಕೆ ಕೆಟ್ಟಾಗ ಕಟ್ಟಿದ ಕ್ರಮಕ್ಕೆ ವಿರುದ್ಧವಾಗಿ ಬಿಚ್ಚುತ್ತ ಬರಬೇಕು. ಶಾಲಾ ವಾರ್ಷಿಕೋತ್ಸವದ ಚಪ್ಪರವನ್ನು ಇಳಿಸುವಾಗ ಕಂಬವನ್ನು ಮೊದಲು ಕೀಳಿಸಿದವರನ್ನು ನಾವು ಕಂಡಿದ್ದೇವೆ, ಹೆಚ್ಚು ಹೇಳಬೇಕಾದುದಿಲ್ಲ.

2022ರಲ್ಲಿ ರಸ್ಟ್ ಎಂಬ ಭಾಷೆಗೆ 6.1ನೆಯ ಕರ್ನಲಿನಲ್ಲಿ ಪ್ರವೇಶ ದೊರಕಿತು. ಹಿಡಿದವನು ಹೋದೊಡನೆ ಹಿಡಿತವೂ ಬಿಡುವಂತೆ ಆ ಭಾಷೆಯೇ ಬಹುಮಟ್ಟಿಗೆ ನೋಡಿಕೊಳ್ಳುತ್ತದೆ. ಫೆನ್ಸು ಸಕಾಲದಲ್ಲಿ ತೀರುವುದನ್ನು ಮಾತ್ರ ತಾನಾಗಿ ನೋಡಿಕೊಳ್ಳಲಾರದು. ಅದಕ್ಕೆ 2020ರಲ್ಲಿ ಬೇರೊಂದು ಉಪಾಯ ಬಂದಿತು. ಫೆನ್ಸನ್ನು ತೀರಿಸುವ ದಾರಿಯ ಮೊದಲಿಗೂ ಕೊನೆಗೂ ಒಂದೊಂದು ಗುರುತಿಟ್ಟರೆ, ನಡುವೆ ಎಲ್ಲಿ ಕಾಯಬಾರದೋ ಅಲ್ಲಿ ಕಾದುದನ್ನು ಲಾಕ್‌ಡೆಪ್ ಎಂಬ ಪರೀಕ್ಷಕವು, ಯಂತ್ರವು ನಿಜವಾಗಿ ನಿಲ್ಲುವ ಮೊದಲೇ, ತೋರಿಸಿಕೊಡಬಲ್ಲದು. ಆ ನಾಲ್ಕು ಸಾಲುಗಳಲ್ಲಿ ಎರಡು ಈ ಗುರುತುಗಳೇ ಆಗಿದ್ದವು.