ಒಗೆಯುವ ಕಲ್ಲಿನ ಹೂವು

ನಮ್ಮಜ್ಜಿ ಬಿಸಿಬೇಳೆಬಾತಿನ ಪುಡಿಗೆ ಹುರಿಯುವ ದಿನ ಕಲ್ಲುಹೂವಿನ ಸರದಿ ಕೊನೆಗೆ ಬರುತ್ತಿತ್ತು. ಒಂದು ಮೈ ಬೂದಿ, ಇನ್ನೊಂದು ಮೈ ಇದ್ದಿಲು; ಮುದುಡಿಕೊಂಡ ಆ ಚೂರನ್ನು ಹೂವೆನ್ನಲು ಧೈರ್ಯ ಬೇಕು. ‘ಇದೆಂಥ ಹೂವು ಅಜ್ಜಿ?’ ಅಂದರೆ, ‘ಕಲ್ಲೂ ಹೂ ಬಿಡ್ತದೆ ಮಾರಾಯಾ, ನಿನ್ನ ತಲೆಯಲ್ಲೇ ಏನೂ ಬಿಡ್ಲಿಲ್ಲ’ ಎನ್ನುತ್ತಿದ್ದಳು.

ಅದು ಹೂವೂ ಅಲ್ಲ, ಗಿಡವೂ ಅಲ್ಲ, ಒಂದು ಸಂಸಾರ ಎಂದು ತಿಳಿದದ್ದು ಬಹಳ ತಡವಾಗಿ. ಶಿಲೀಂಧ್ರ ಗೋಡೆ ಎಬ್ಬಿಸಿ ನೀರು ಹಿಡಿದಿಡುತ್ತದೆ. ಒಳಗೆ ಕುಳಿತ ಪಾಚಿ ಬಿಸಿಲಿನಲ್ಲಿ ಅಡುಗೆ ಮಾಡಿ ಇಬ್ಬರ ಹೊಟ್ಟೆ ತುಂಬಿಸುತ್ತದೆ. 1860ರ ದಶಕದಲ್ಲಿ ಈ ಗುಟ್ಟು ಹೊರಹಾಕಿದ ಸ್ವಿಟ್ಜರ್ಲೆಂಡಿನ ಸೈಮನ್ ಶ್ವೆಂಡೆನರ್, ಶಿಲೀಂಧ್ರ ಒಡೆಯ, ಪಾಚಿ ಆಳು ಎಂದುಬಿಟ್ಟ. ಗಂಡಸರ ಲೆಕ್ಕ. ನಮ್ಮಜ್ಜನೂ ಹಾಗೇ ತಿಳಿದಿದ್ದ. ಅಜ್ಜಿ ಒಂದು ವಾರ ತವರಿಗೆ ಹೋದರೆ ಒಡೆಯನ ಸ್ಥಿತಿ ಅಂಗಳದ ನಾಯಿಗೂ ಗೊತ್ತಾಗುತ್ತಿತ್ತು.

ಚಿಕ್ಕಮಗಳೂರಿನ ಕಡೆಯ ನಮ್ಮೂರಿನಲ್ಲಿ ಈ ಜೋಡಿ ಸಂಸಾರ ಹೂಡದ ಜಾಗವಿಲ್ಲ. ಅಡಿಕೆ ಮರಕ್ಕೆ ಸುಣ್ಣ ಎರಚಿದಂತೆ ಅಂಟಿಕೊಂಡ ಜಾತಿಗಳು ಬೇರೆ, ಕಾಫಿತೋಟದ ನೆರಳಿನ ಮರಗಳಲ್ಲಿ ಅಂಚು ಎತ್ತಿಕೊಂಡು ಎಲೆಯಂತೆ ಹರಡಿದವು ಬೇರೆ. ಬಾಬಾಬುಡನ್‌ಗಿರಿ ಹತ್ತಿದರೆ, ಮಂಜು ಕಟ್ಟುವ ಶೋಲಾ ಕಾಡಿನ ಕುಳ್ಳ ಮರಗಳಿಂದ ಹಸಿರು ಬೂದಿನ ಗಡ್ಡ ಇಳಿಬಿದ್ದಿರುತ್ತದೆ, ಅದು ಉಸ್ನಿಯಾ. ಹೊಗೆ ಕಂಡರೆ ಅದಕ್ಕಾಗದು. ಗಾಳಿಯಲ್ಲಿ ಗಂಧಕದ ಡೈಆಕ್ಸೈಡ್ ಹೆಚ್ಚಿದರೆ ಮೊದಲು ಮಾಯವಾಗುವವರಲ್ಲಿ ಈ ಗಡ್ಡಧಾರಿಗಳೂ ಇದ್ದಾರೆ. ನನ್ನ ಪ್ರೀತಿ ಮಾತ್ರ ಗ್ರಾಫಿಸ್ ಮೇಲೆ. ನುಣುಪು ತೊಗಟೆಯ ಮೇಲೆ ಕಪ್ಪು ಗೀರುಗಳಲ್ಲಿ ಬರೆದ ಹಾಗೆ ಬೆಳೆಯುವ ಅದನ್ನು, ಅಜ್ಜ ಊರವರಿಗೆ ಕೊಟ್ಟ ಸಾಲದ ಲೆಕ್ಕವೆಂದೇ ಬಹುಕಾಲ ನಂಬಿದ್ದೆ. ಅವನ ಮೋಡಿ ಅಕ್ಷರವೂ ಹಾಗೇ ಇತ್ತು. ವಸೂಲಿಯೂ ಮರಕ್ಕೆ ಬರೆದಿಟ್ಟಷ್ಟೇ ಆಯಿತು.

ಆಸ್ಟ್ರಿಯದ ರೋಲಂಡ್ ಬೆಶೆಲ್ 1950ರ ಸುಮಾರಿಗೆ ಕಲ್ಲುಹೂವನ್ನೇ ಗಡಿಯಾರ ಮಾಡಿಕೊಂಡ. ಇಸವಿ ಕೆತ್ತಿದ ಗೋರಿಕಲ್ಲುಗಳ ಮೇಲೆ ಅದರ ಅಗಲ ಅಳೆದು, ವರ್ಷಕ್ಕೆಷ್ಟು ಬೆಳೆಯುತ್ತದೆಂದು ಲೆಕ್ಕ ಹಾಕಿ, ಆಲ್ಪ್ಸ್‌ನಲ್ಲಿ ಹಿಮನದಿ ಹಿಂದೆ ಸರಿದು ಬಂಡೆಗಳು ಬಯಲಾಗಿ ಎಷ್ಟು ಕಾಲವಾಯಿತೆಂದು ಹೇಳಿದ. ವರ್ಷಕ್ಕೆ ಒಂದು ಮಿಲಿಮೀಟರೂ ಬೆಳೆಯದ ಜಾತಿಗಳಿವೆ. ಅವಸರ ಅವುಗಳ ಮನೆತನದಲ್ಲೇ ಇಲ್ಲ.

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಬಾವಿಕಟ್ಟೆಯ ಬದಿಯಲ್ಲಿ ಅಜ್ಜಿ ಬಟ್ಟೆ ಒಗೆಯುತ್ತಿದ್ದ ಕಲ್ಲು ಕಂಡಿತು. ನಲವತ್ತು ವರ್ಷ ಅವಳ ಸೀರೆಯ ಏಟು ತಿಂದು ನುಣ್ಣಗಾದ ಕಲ್ಲು. ಅದರ ಮೂಲೆಯಲ್ಲೊಂದು ಬೂದು ಬಣ್ಣದ ದುಂಡು ಕಲೆ. ಜೇಬಿನಿಂದ ಹತ್ತು ರೂಪಾಯಿ ನಾಣ್ಯ ತೆಗೆದು ಮೇಲಿಟ್ಟೆ, ಸರಿಯಾಗಿ ಮುಚ್ಚಿತು. ಅಜ್ಜಿ ಹೋಗಿ ಹನ್ನೊಂದು ವರ್ಷ.

ತಮ್ಮನ ಹೆಂಡತಿ ತೆಂಗಿನ ನಾರು ಹಿಡಿದು ಬಂದಳು. ‘ನೀರು ತುಂಬೋ ಹಬ್ಬ ಅಲ್ವಾ, ಅದನ್ನೂ ಉಜ್ಜಿಬಿಡ್ತೇನೆ ಭಾವ.’

‘ಬೇಡಮ್ಮ, ಅದೊಂದು ಇರಲಿ’ ಎಂದೆ.

ಅವಳು ನನ್ನ ಮುಖ ಒಮ್ಮೆ ನೋಡಿ, ಹಂಡೆಯ ಮಸಿ ಉಜ್ಜಲು ಕೂತಳು.